ನೇರ ಕೆತ್ತಿದ ಹಲಗೆ

"ಅಯ್ಯೋ, ನಿಲ್ಲಿಸ್ರಿ! ಎಲ್ಲಾ ಉಲ್ಟಾ ಕೆತ್ತಿಬಿಟ್ಟೀರಲ್ರಿ!"

ಉಜ್ಜಿನಮ್ಮನ ಕೈಯಲ್ಲಿದ್ದ ಉಳಿ ನಿಂತಿತು. ಬಾಗಿಲಲ್ಲಿ ರಾಯದುರ್ಗದ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರು ರೇವಣಸಿದ್ದಯ್ಯ ಗಾಬರಿಯಾಗಿ ನಿಂತಿದ್ದ. ತಾನೇ ಬರೆದ ಪದ್ಯ, ಅದರ ಸುತ್ತ ತಾನೇ ಬಿಡಿಸಿದ ಬಳ್ಳಿ, ಎರಡನ್ನೂ ಅಚ್ಚಿನ ಹಲಗೆಯಲ್ಲಿ ಕೆತ್ತಲು ಅವಳ ಅಪ್ಪ ಬೊಮ್ಮಯ್ಯನಿಗೆ ಕೊಟ್ಟುಹೋಗಿದ್ದ. ಅಪ್ಪನ ಕೈ ನಡುಗುತ್ತಿದ್ದುದರಿಂದ ಈಗ ಕೆಲಸವೆಲ್ಲ ಮಗಳದೇ.

ಅವಳು ಹಲಗೆಗೆ ಮಸಿ ಸವರಿ, ಹಾಳೆ ಒತ್ತಿ, ಎತ್ತಿ ತೋರಿಸಿದಳು. ಅಕ್ಷರಗಳೆಲ್ಲ ನೆಟ್ಟಗಿದ್ದವು!

"ಉಲ್ಟಾ ಕೆತ್ತಿದ್ರೇನೇ ನೆಟ್ಟಗೆ ಬರ್ತಾವ್ರಿ, ಮೇಷ್ಟ್ರೇ."

ಅವನು ನಾಚಿ ನಕ್ಕ. "ಇಷ್ಟು ಚೆಂದ ಕೆತ್ತೋರಿಗೆ ಓದೂ ಚೆಂದ ಬರ್ತಿರಬೇಕು, ಅಲ್ರೀ?"

"ಹೌದ್ರಿ" ಎಂದುಬಿಟ್ಟಳು.

ಸುಳ್ಳು! ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಅಕ್ಷರವೆಂದರೆ ಅವಳಿಗೆ ಎಲೆ, ಹೂವಿನಂತೆ ಒಂದು ಆಕಾರ, ಹಾಳೆಯನ್ನು ಹಲಗೆಗೆ ಮಗುಚಿ ಅಂಟಿಸಿ ಗೆರೆ ಹೋದಂತೆ ಉಳಿ ಓಡಿಸುತ್ತಿದ್ದಳು. ಆದರೆ ಮೆಚ್ಚಿ ನೋಡುತ್ತಿದ್ದ ಅವನ ಕಣ್ಣುಗಳ ಮುಂದೆ ಬರಲ್ಲ ಎನ್ನಲು ನಾಚಿಕೆಯಾಯಿತು...

ಅದು ಮದರಾಸು ಸರಕಾರದ ಕಾಲ, ಸಾವಿರದ ಒಂಬೈನೂರ ಮೂವತ್ತನಾಲ್ಕು. ವಾರಕ್ಕೊಂದು ಪದ್ಯ ಹಿಡಿದು ಮೇಷ್ಟ್ರು ಬರುತ್ತಿದ್ದ. ಅವಳು ಅಚ್ಚಾದ ಹಾಳೆಗೆ ಬಣ್ಣ ತುಂಬುತ್ತಿದ್ದರೆ, ಕಾಲೇಜಿನಲ್ಲಿ ಓದಿದ್ದ ಒಬ್ಬ ಕವಿಯ ಕಥೆ ಹೇಳುತ್ತಿದ್ದ.

"ದೂರದೇಶದಾಗ ಒಬ್ಬ ಇದ್ದನ್ರಿ. ಪದ್ಯ ಬರಿಯೋನೂ ಅವನೇ, ಚಿತ್ರ ಕೆತ್ತೋನೂ ಅವನೇ. ಬದುಕಿದ್ದಾಗ ಹುಚ್ಚ ಅಂದ್ರು. ಸತ್ತು ನೂರು ವರ್ಷದ ಮ್ಯಾಲ, ನೋಡ್ರಿ, ನಾನು ಅವನ ಹುಚ್ಚು ಹಿಡಿಸ್ಕೊಂಡು ಕುಂತೀನಿ!"

"ಬಣ್ಣ ಯಾರು ಹಾಕ್ತಿದ್ರು?"

"ಹೆಂಡತಿ. ಆಕಿಗೆ ಓದು ಬರ್ತಿರಲಿಲ್ಲ, ಅವನೇ ಕಲಿಸಿದ."

'ನನಗೂ ಬರಲ್ರಿ...' ಎಂದು ಹೇಳಬೇಕೆನಿಸಿತು. ಈಗ ಹೇಳಿದರೆ ಇಷ್ಟು ದಿನ ಮೋಸ ಮಾಡಿದೆ ಅನ್ನುವುದಿಲ್ಲವೇ?

ಕೊನೆಗೊಂದು ದಿನ ಅವನು ತಂದ ಹಾಳೆಯಲ್ಲಿ ನಾಲ್ಕೇ ಸಾಲು ಇದ್ದವು. "ಕೆತ್ತೋಕಿಂತ ಮೊದ್ಲು ಒಮ್ಮೆ ಓದ್ರಿ" ಎಂದು ಕೊಟ್ಟುಹೋದ. ಎಂಟು ದಿನ ಬಿಟ್ಟು ಬಂದ.

"ಎಲ್ಲಾ... ಓದಿದ್ರಾ?"

"ಓದಿದೆನ್ರಿ."

"ಏನೂ ಹೇಳಂಗಿಲ್ಲೇನ್ರಿ?"

"ಏನು ಹೇಳಲ್ರಿ? ಬಣ್ಣ ಒಣಗೈತಿ, ತಗೊಂಡು ಹೋಗ್ರಿ."

ಅವನ ಮುಖ ಸಪ್ಪಗಾಯಿತು. ಹಾಳೆಯನ್ನು ಎದೆಗೊತ್ತಿಕೊಂಡು ಹೊರಟವನು ಮತ್ತೆ ಬರಲೇ ಇಲ್ಲ. ಮಡಕಶಿರಾದ ಶಾಲೆಗೆ ಹೋದನಂತೆ ಎಂದು ಊರವರಿಂದ ತಿಳಿಯಿತು.

ಒಂದು ಮಾತೂ ಹೇಳದೆ ಹೋದರಲ್ಲ... ನಾನೇನು ತಪ್ಪು ಮಾಡಿದೆ? ಅವಳು ಅತ್ತಳು. ಅಪ್ಪ ತೀರಿಕೊಂಡ ಮೇಲೆ ಇನ್ನೂ ಅತ್ತಳು. ಒಂದು ದಿನ ಆ ಕವಿಯ ಹೆಂಡತಿ ನೆನಪಾದಳು. 'ಆಕಿ ಕಲಿತಳಂತೆ. ನಾನ್ಯಾಕ ಕಲೀಬಾರದು?'

ಪಕ್ಕದ ಮನೆಯಲ್ಲಿ ಪುರಾಣ ಓದುತ್ತಿದ್ದ ಸುಂಕಲಮ್ಮನ ಕಾಲು ಹಿಡಿದು ಅಕ್ಷರ ಕಲಿತಳು. ಓದು ಕೈಗೆ ಹತ್ತಿದ ದಿನವೇ ಆ ಕೊನೆಯ ಹಲಗೆ ತೆಗೆದು, ಮಸಿ ಸವರಿ, ಹಾಳೆ ಒತ್ತಿದಳು. ತಾನೇ ಕೆತ್ತಿದ್ದನ್ನು ಮೂರು ವರ್ಷದ ಮೇಲೆ ಮೊದಲ ಸಲ ಓದಿದಳು.

"ಬಳ್ಳಿಗೆ ಬಣ್ಣ ತುಂಬುವವಳೆ,
ನನ್ನ ಮನೆಗೂ ಬರುವೆಯಾ?
ಹೂಂ ಎಂದರೆ ಹಿರಿಯರನ್ನು ಕಳಿಸುವೆ,
ಸುಮ್ಮನಿದ್ದರೆ ದೂರ ಹೋಗುವೆ."

ಹಾಳೆ ಕೈಯಿಂದ ಜಾರಿತು. ಅಯ್ಯೋ ದೇವರೇ! ನಾನು ಸುಮ್ಮನಿದ್ದೆನಲ್ಲ!

ಮಡಕಶಿರಾ ಕಡೆ ಕುರಿ ವ್ಯಾಪಾರಕ್ಕೆ ಹೋಗುತ್ತಿದ್ದ ಪಾಪಣ್ಣನನ್ನು ವಿಚಾರಿಸಿದಳು.

"ಆ ಮೇಷ್ಟ್ರಾ? ಪಾಪ, ಒಬ್ಬರೇ ಅದಾರ. ಹೋದ ವರ್ಷ ಸಿಡುಬಾಗಿ ಎರಡೂ ಕಣ್ಣು ಹೋದವಮ್ಮ."

ಅವಳು ಹೊಸ ಹಲಗೆ ತೆಗೆದುಕೊಂಡಳು. ಉಳಿ ಹಿಡಿದಾಗಿನಿಂದ ಉಲ್ಟಾ ಕೆತ್ತಿದ ಕೈ, ನೇರ ಕೆತ್ತಲು ಒಪ್ಪಲಿಲ್ಲ. ಒಂದು ಹಲಗೆ ಹಾಳಾಯಿತು, ಎರಡನೆಯದೂ ಹಾಳಾಯಿತು. ಮೂರನೆಯದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಮಡಕಶಿರಾದಲ್ಲಿ ಅವನು ಜಗಲಿಯ ಮೇಲೆ ಕೂತಿದ್ದ. ಒಳಗೋಡೆಯಲ್ಲಿ ಅವಳು ಬಣ್ಣ ತುಂಬಿದ ಆ ನಾಲ್ಕು ಸಾಲಿನ ಹಾಳೆ ತೂಗುತ್ತಿತ್ತು. ಅವಳು ಹಲಗೆಯನ್ನು ಅವನ ತೊಡೆಯ ಮೇಲಿಟ್ಟಳು.

"ಯಾರ್ರಿ?"

ಅವನ ಬೆರಳು ಹಲಗೆಯ ಮೇಲೆ ಓಡಿತು. ಬಳ್ಳಿ... ಎಲೆ... ಅಕ್ಷರ... ಒಂದೊಂದನ್ನೇ ಕೂಡಿಸಿ ಓದಿದ.

"ಅಂದು ನನಗೆ ಓದು ಬರುತ್ತಿರಲಿಲ್ಲ. ಇಂದು ಓದಿದೆ. ಹೂಂ."

ಬೆರಳು ಕೊನೆಯ ಅಕ್ಷರದ ಮೇಲೆ ನಿಂತಿತು.

"ಉಜ್ಜಿನೀ... ಇದು ಉಲ್ಟಾ ಇಲ್ಲಲ್ಲ! ಹಿಂಗ ಕೆತ್ತಿದ್ರ ಅಚ್ಚು ಹೆಂಗ ಆಗ್ತೈತಿ?"

"ಇದು ಅಚ್ಚಿಗಲ್ರಿ... ನಿಮ್ಮ ಬೆರಳಿಗೆ." ಅವಳು ಬಿಕ್ಕಿದಳು. "ನನ್ನ ಒಂದು ಸುಳ್ಳಿಗೆ ಮೂರು ವರ್ಷ ಹೋದವ್ರಿ. ನಿಮ್ಮ ಕಣ್ಣು ಹೋಗುವಾಗ ನಾನು ಹತ್ರ ಇರಲಿಲ್ಲ..."

"ಕೇಳಬೇಕಿತ್ತು. ಬಾಯಿಬಿಟ್ಟು ಕೇಳೋ ಧೈರ್ಯ ನನಗೂ ಇರಲಿಲ್ಲ." ಅವನ ಕುರುಡುಗಣ್ಣಲ್ಲೂ ನೀರಿತ್ತು. "ಈಗ ನೀ ಹಾಕೋ ಬಣ್ಣ ನಾನು ನೋಡಾಕ ಆಗಂಗಿಲ್ಲಲ್ಲ, ಉಜ್ಜಿನೀ."

ಅವಳು ಅವನ ಕೈಯನ್ನು ಕೆತ್ತಿದ ಬಳ್ಳಿಯ ಮೇಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು.

"ಹೇಳ್ಕೊಂತ ಹಾಕ್ತೀನ್ರಿ."

"ಮೊದಲು ಯಾವುದು?"

"ಎಲಿಗೆ ಹಸಿರು."