ಎಡಕ್ಕೆ ತಿರುಗಿದ ಜಡೆ

ಈರುಳ್ಳಿ ಜಡೆಯನ್ನು ನೋಡಿ ಅದನ್ನು ಹೆಣೆದ ಕೈ ಯಾರದೆಂದು ಹೇಳಬಹುದು ಎಂದರೆ ಹೊರಗಿನವರು ನಗುತ್ತಾರೆ. ನಮ್ಮೂರು ಅಳ್ವೆಕೋಡಿಯಲ್ಲಿ ಯಾರೂ ನಗುವುದಿಲ್ಲ.

ಏಪ್ರಿಲ್ ಬಂತೆಂದರೆ ನಾನು ಹೆದ್ದಾರಿಯ ಬದಿಗೆ ಬಿದಿರಿನ ಗಳ ಕಟ್ಟಿ ಕುಮಟಾದ ಸಿಹಿ ಈರುಳ್ಳಿಯನ್ನು ಸಾಲಾಗಿ ತೂಗುಹಾಕುತ್ತೇನೆ. ಬಿ.ಎ. ಮುಗಿದ ಮೇಲೆ ವರ್ಷದ ಉಳಿದ ದಿನವೆಲ್ಲ ಗೂಡ್ಸ್ ರಿಕ್ಷಾ ಓಡಿಸುವುದು, ಬೇಸಿಗೆಯಲ್ಲಿ ಈ ಅಂಗಡಿ. ಈರುಳ್ಳಿಯನ್ನು ಎಲೆ ಸಮೇತ ಕೀಳುತ್ತಾರೆ. ಎಲೆ ಅರ್ಧ ಬಾಡಿದಾಗ ಅದನ್ನೇ ಹೆಣೆದು ಜಡೆ ಮಾಡುತ್ತಾರೆ. ಹಸಿಯಿದ್ದಾಗ ಹೆಣೆದರೆ ಕೊಳೆಯುತ್ತದೆ, ಪೂರ್ತಿ ಒಣಗಿದರೆ ಮುರಿಯುತ್ತದೆ. ನಡುವೆ ಸಿಗುವುದು ಮೂರೋ ನಾಲ್ಕೋ ದಿನ.

ಜಯಶ್ರೀಯ ಜಡೆ ಬಲಕ್ಕೆ ತಿರುಗುತ್ತಿತ್ತು. ಸುತ್ತು ಬಿಗಿ. ಕೊನೆಯಲ್ಲಿ ಉಳಿದ ಎಲೆಯನ್ನು ಒಳಗೆ ಸಿಕ್ಕಿಸಿ ಒಂದು ಸಣ್ಣ ಕುಣಿಕೆ ಬಿಡುತ್ತಿದ್ದಳು. ಬೇರೆ ಯಾರೂ ಹಾಗೆ ಬಿಡುವುದಿಲ್ಲ. ಮೂರು ಬೇಸಿಗೆ ನಾನು ಆ ಕುಣಿಕೆಗೇ ಬೆರಳು ಹಾಕಿ ಅವಳ ಜಡೆಗಳನ್ನು ಇಳಿಸಿದ್ದೇನೆ, ಏರಿಸಿದ್ದೇನೆ. ಮಾರುವಾಗ ಅವನ್ನು ಕೊನೆಗೆ ಇಡುತ್ತಿದ್ದೆ. ಮನಸ್ಸಿನಲ್ಲಿದ್ದದ್ದನ್ನು ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

ಈ ವರ್ಷ ಅವರ ಗದ್ದೆಯಿಂದ ಬಂದ ಮೊದಲ ಲೋಡಿನಲ್ಲಿ ಕುಣಿಕೆ ಇರಲಿಲ್ಲ. ಜಡೆಗಳು ಸಡಿಲವಾಗಿ, ಎಡಕ್ಕೆ ತಿರುಗಿದ್ದವು.

ಎರಡನೆಯ ಲೋಡೂ ಹಾಗೆಯೇ. ಗದ್ದೆಯ ಬದುವಿನಲ್ಲಿ ಅವಳ ತಾಯಿ ಗಂಗಕ್ಕ ಒಬ್ಬಳೇ ನಿಂತಿದ್ದಳು. ಮಕರ ಸಂಕ್ರಾಂತಿಯ ಹೊತ್ತಿಗೆ ಹೊನ್ನಾವರದ ಕಡೆಯಿಂದ ಯಾರೋ ಹುಡುಗಿ ನೋಡಲು ಬಂದಿದ್ದರೆಂದು ಕೇಳಿದ್ದೆ. ಹಾಗಾದರೆ ಮುಗಿಯಿತು. ಈಗ ಹೆಣೆಯುತ್ತಿರುವವರು ಯಾರೋ ಕೂಲಿಯವರು. ಕೇಳಿದರೆ ಉತ್ತರ ಸಿಗುತ್ತಿತ್ತು. ಉತ್ತರ ಬೇಡವಾಗಿದ್ದರಿಂದ ಕೇಳಲಿಲ್ಲ. ಒಂದು ವಾರ ಅಂಗಡಿಯಲ್ಲಿ ಕೂತು ಲಾರಿಗಳನ್ನು ನೋಡಿದೆ.

ಮೂರನೆಯ ಲೋಡು ಇಳಿಸುವಾಗ ಒಂದು ಜಡೆಯ ತುದಿಯಲ್ಲಿ ಬೆರಳು ಸಿಕ್ಕಿಕೊಂಡಿತು. ಕುಣಿಕೆ. ಅದೂ ಎಡಕ್ಕೆ ತಿರುಗಿತ್ತು.

ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಕೂಲಿಯವರಿಗೆ ಈ ಕುಣಿಕೆ ಗೊತ್ತಿಲ್ಲ. ಅವಳೇ. ಆದರೆ ಹೆಣೆದದ್ದು ಎಡಗೈ.

ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ರಿಕ್ಷಾ ತಿರುಗಿಸಿದೆ.

ಗದ್ದೆಯ ಆ ತುದಿಯಲ್ಲಿ, ತೆಂಗಿನ ಗರಿ ಹೊದಿಸಿದ ಮಾಡಿನ ಕೆಳಗೆ ಜಯಶ್ರೀ ಕೂತಿದ್ದಳು. ಸುತ್ತ ಈರುಳ್ಳಿ ರಾಶಿ. ಕಾಲ ಹೆಬ್ಬೆರಳಿಗೆ ಜಡೆಯ ಬುಡ ಸಿಕ್ಕಿಸಿ ಎಡಗೈಯಲ್ಲಿ ಎಳೆಯುತ್ತಿದ್ದಳು. ಬಲಗೈ ಮಡಿಲಲ್ಲಿತ್ತು. ಮಣಿಕಟ್ಟಿಗೆ ಹಳೆಯ ಸೀರೆಯ ತುಂಡು ಬಿಗಿದಿತ್ತು.

ನನ್ನನ್ನು ನೋಡಿದವಳೇ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಎಂತ ನಿತ್ಯಾ, ದಾರಿ ತಪ್ಪಿತಾ?"

"ನೀ ಇಲ್ಲೇ ಇದ್ಯಾ?"

"ಮತ್ತೆ ಎಲ್ಲಿರ್ಬೇಕಿತ್ತು?"

"ಮದುವೆ ಆಗಿ ಹೋದೆ ಅಂದ್ಕೊಂಡೆ."

ಅವಳು ಎಳೆಯುವುದನ್ನು ನಿಲ್ಲಿಸಿದಳು. "ಯಾರು ಹೇಳಿದ್ದು?"

"ಯಾರೂ ಇಲ್ಲ. ಜಡೆ ಬದ್ಲಾಗಿತ್ತು."

"ನೀರುಳ್ಳಿ ಜಡೆ ನೋಡಿ ನನ್ನ ಮದುವೆ ಮಾಡ್ಸಿದ್ಯಾ ಮಾರಾಯ!" ಅವಳಿಗೆ ನಗು ತಡೆಯಲಿಲ್ಲ. "ಮಾಡ್ಸಿದ್ದು ಮಾಡ್ಸಿದೆ, ಊಟಕ್ಕಾದ್ರೂ ಕರೀಬೇಕಿತ್ತಪ್ಪ. ಹುಡುಗ ಹೇಗಿದ್ದ?"

"ನಂಗೆ ಸರಿ ಬರ್ಲಿಲ್ಲ."

ಅವಳು ನನ್ನ ಕಡೆ ಒಮ್ಮೆ ನೋಡಿ, ಬೇಗ ಈರುಳ್ಳಿಯ ಕಡೆ ನೋಡಿದಳು. ಗರಿಯ ಸಂದಿನಿಂದ ಬಿಸಿಲು ಅವಳ ಕೆನ್ನೆಯ ಮೇಲೆ ಗೆರೆಗೆರೆಯಾಗಿ ಬಿದ್ದಿತ್ತು.

"ಕೈ ತೋರ್ಸು," ಎಂದೆ.

"ಎಂತ ಇಲ್ಲ."

"ತೋರ್ಸು."

ಬಟ್ಟೆ ಬಿಚ್ಚಿದಳು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಊದಿಕೊಂಡಿತ್ತು. ಜಡೆಯ ಪ್ರತಿ ಸುತ್ತಿಗೂ ಹೆಬ್ಬೆರಳಿನಿಂದ ಒತ್ತಿ, ಮಣಿಕಟ್ಟು ತಿರುಚಿ ಎಳೆಯಬೇಕು. ದಿನಕ್ಕೆ ಅಂಥ ಸುತ್ತು ಎಷ್ಟು ಸಾವಿರ ಎಂದು ಯಾರೂ ಯೋಚಿಸಿರಲಿಲ್ಲ, ಅವಳ ಜಡೆ ಬಿಗಿ ಎಂದು ಹೊಗಳುತ್ತಿದ್ದ ನಾನೂ ಸೇರಿ.

"ಮಾರ್ಚಿಂದ ಹೀಗೇ. ಎಣ್ಣೆ ಹಾಕಿ ತಿಕ್ತೆ. ಎರಡು ದಿನ ಕಡ್ಮೆ ಆಗ್ತದೆ. ಮತ್ತೆ ಹೆಣೀತೆ, ಮತ್ತೆ ಬರ್ತದೆ. ಈಗ ಎಡಗೈ ಕಲ್ತಿದ್ದೆ, ಮೊನ್ನೆ ಕುಣಿಕೆಯೂ ಬಂತು, ನೋಡು."

"ಗಂಗಕ್ಕಂಗೆ ಗೊತ್ತಿಲ್ವಾ?"

ಅವಳ ಮುಖದ ನಗು ಹೋಯಿತು. "ಅವ್ವಿಗೆ ಹೇಳ್ಬೇಡ. ನೀ ಹೆಣೀಬೇಡ, ನಾನೇ ಹೆಣೀತೆ ಅಂತ ಕೂತ್ಕೊಳ್ತಾಳೆ. ಅವಳ ಹೆಗಲು ನಿಂಗೆ ಗೊತ್ತಿದ್ದಲ್ಲ."

ಗೊತ್ತಿತ್ತು. ಮೂವತ್ತು ವರ್ಷ ಎರಡು ಕೈಯಲ್ಲೂ ಕೊಡ ಹಿಡಿದು, ಮರಳಿನ ಗುಂಡಿಯಿಂದ ನೀರು ತುಂಬಿ ಗದ್ದೆಗೆ ಹಾಕಿದ ಗಂಗಕ್ಕನಿಗೆ ಈಗ ತನ್ನ ತಲೆ ತಾನು ಬಾಚಿಕೊಳ್ಳಲು ಆಗುವುದಿಲ್ಲ. ದಿನಾ ಬೆಳಿಗ್ಗೆ ಜಯಶ್ರೀಯೇ ಬಾಚುತ್ತಾಳೆ.

"ಹೇಳುದಿಲ್ಲ ಅನ್ನು."

"ಹೇಳುದಿಲ್ಲ," ಎಂದೆ.

ಮುಂದಿನ ಎರಡು ವಾರ ನನಗೆ ಸುಖದ ದಿನಗಳು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವುದು ಒಂದಿತ್ತು. ಲೋಡು ಕೊಡುವಾಗ ಅವಳು ಅವ್ವಿಗೆ ಹೇಳಿದ್ಯಾ ಎಂದು ಕಣ್ಣಲ್ಲೇ ನನ್ನನ್ನು ಕೇಳುತ್ತಿದ್ದಳು, ನಾನು ಕಣ್ಣಲ್ಲೇ ಇಲ್ಲ ಎನ್ನುತ್ತಿದ್ದೆ. ಗಂಗಕ್ಕ ಒಮ್ಮೆ, "ಎಂತ ತಮಾ, ನೀರುಳ್ಳಿ ನೋಡ್ತ್ಯಾ, ಮಾಡು ನೋಡ್ತ್ಯಾ?" ಎಂದು ಕೆಣಕಿದಳು. ನಾನು ತಲೆ ತಗ್ಗಿಸಿ ಜಡೆಗಳನ್ನು ಎತ್ತಿದೆ. ಮುಟ್ಟಿದರೆ ಗೊತ್ತಾಗುತ್ತಿತ್ತು. ಪ್ರತಿ ಲೋಡಿಗೂ ಸುತ್ತು ಇನ್ನಷ್ಟು ಸಡಿಲ. ನನಗೆ ಗೊತ್ತಾಗುತ್ತಿತ್ತು. ನಾನು ಸುಮ್ಮನಿದ್ದೆ. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ.

ಮೇ ಮೊದಲ ವಾರ. ಜಗಲಿಯಲ್ಲಿ ಕೂತಿದ್ದೆ. ಜಯಶ್ರೀ ಚಾ ತಂದಳು, ಎಡಗೈಯಲ್ಲಿ. ನನ್ನ ಮುಂದೆ ಬಗ್ಗಿದವಳ ಬೆರಳುಗಳಿಂದ ಲೋಟ ತಾನಾಗಿಯೇ ಜಾರಿತು. ಚಾ ನೆಲಕ್ಕೆ ಚೆಲ್ಲಿತು.

"ಕೈ ಜಾರ್ತು," ಎಂದಳು. ಲೋಟ ಎತ್ತಲು ಹೋದಳು. ಎಡ ಹೆಬ್ಬೆರಳು ಮಡಚಲಿಲ್ಲ. ಬಲಗೈ ಚಾಚಿದಳು. ಅದೂ ಹಿಡಿಯಲಿಲ್ಲ. ನೆಲದ ಮೇಲೆ ಹೊರಳುತ್ತಿದ್ದ ಲೋಟದ ಮುಂದೆ ಅವಳು ಎರಡೂ ಕೈ ಬಿಟ್ಟು ಕೂತಳು.

ಗಂಗಕ್ಕ ಒಳಗಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

"ಕೈಗೆ ಎಂತ ಆತು ಮಗಾ?"

"ಎಂತ ಇಲ್ಲ ಅವ್ವಿ."

ಜಯಶ್ರೀ ನನ್ನ ಕಡೆ ನೋಡಿದಳು. ಆ ನೋಟ ಏನು ಬೇಡುತ್ತಿದೆಯೆಂದು ನನಗೆ ಗೊತ್ತಿತ್ತು.

"ಎರಡು ಕೈಯೂ ಹೋಗಿದೆ ಗಂಗಕ್ಕ," ಎಂದೆ. "ಬಲಗೈ ಮಾರ್ಚಿಂದ. ಅದಕ್ಕೇ ಎಡಗೈಯಲ್ಲಿ ಹೆಣೀತಿದ್ಲು. ನಂಗೆ ಗೊತ್ತಿತ್ತು."

"ಯಾವಾಗಿಂದ ಗೊತ್ತಿತ್ತು?"

"ಎರಡು ವಾರ."

ಗಂಗಕ್ಕ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. "ನನ್ನ ಹೆಗಲು ಹೋಗುವಾಗ ನೋಡ್ದವ್ರು ಯಾರೂ ಇರ್ಲಿಲ್ಲ, ತಮಾ," ಎಂದಳು ಮೆಲ್ಲಗೆ. "ಇವಳದ್ದು ನೀ ನೋಡ್ತಾ ಇದ್ದೆ. ನೋಡ್ಕಂಡು ಸುಮ್ನೆ ಇದ್ದೆ."

ಕುಮಟಾದ ಆಸ್ಪತ್ರೆಗೆ ಹೊರಟಾಗ ಗಂಗಕ್ಕ ರಿಕ್ಷಾದ ಹಿಂದೆ ಹತ್ತಿ ಕೂತಳು. ದಾರಿಯಿಡೀ ಜಯಶ್ರೀ ನನ್ನ ಪಕ್ಕದಲ್ಲಿ ಕೂತು ಹೊರಗೆ ನೋಡುತ್ತಿದ್ದಳು. ಹೊಳೆಯ ಹತ್ತಿರ ಬಂದಾಗ ಒಂದೇ ಮಾತು ಹೇಳಿದಳು. "ಮಾತು ಕೊಟ್ಟಿದ್ದೆ ನೀ."

"ಕೊಡ್ಬಾರ್ದಿತ್ತು."

ಫಿಸಿಯೋಥೆರಪಿ ಮಾಡುವ ಪ್ರಣಿತಾ ಮೇಡಂ ನಮ್ಮ ವಯಸ್ಸಿನವಳೇ. ಮೊದಲು ಕೈ ಮುಟ್ಟಲಿಲ್ಲ, ಪ್ರಶ್ನೆ ಕೇಳಿದಳು. ಎಲ್ಲಿ ನೋವು? ಯಾವಾಗಿಂದ? ಎಂತ ಮಾಡಿದ್ರೆ ಜಾಸ್ತಿ? ಎಂತ ಮಾಡಿದ್ರೆ ಕಡ್ಮೆ? ಆಮೇಲೆ, "ಹೆಬ್ಬೆರಳು ಒಳಗೆ ಮಡಚಿ ಮುಷ್ಟಿ ಮಾಡಿ. ಈಗ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿ," ಎಂದಳು.

ಜಯಶ್ರೀ ಬಗ್ಗಿಸಿದಳು. ಉಸಿರು ಸಿಕ್ಕಿಕೊಂಡಿತು. ಕೂಗಲಿಲ್ಲ. ಕಣ್ಣಲ್ಲಿ ನೀರು ಬಂತು.

"ಆತು, ಬಿಡಿ. ಬಾವಿ ಹಗ್ಗ ದಿನಾ ಒಂದೇ ಕಡೆ ಉಜ್ಜಿದ್ರೆ ಎಂತ ಆಗ್ತದೆ?"

"ಎಳೆ ಏಳ್ತದೆ," ಎಂದಳು ಗಂಗಕ್ಕ.

"ಇಲ್ಲೂ ಹಾಗೇ ಅಮ್ಮಾ. ಹೆಬ್ಬೆರಳನ್ನು ಎಳೆಯೋ ಹಗ್ಗ ಇದು, ಟೆಂಡನ್ ಅಂತಾರೆ. ಈ ಸಣ್ಣ ಕೊಳವೆಯೊಳಗೆ ಹೋಗ್ತದೆ. ಉಜ್ಜಿ ಉಜ್ಜಿ ದಪ್ಪ ಆಗಿದೆ, ಕೊಳವೆಯಲ್ಲಿ ಸಲೀಸಾಗಿ ಜಾರೂದಿಲ್ಲ. ಬಾವಿಗೆ ಹೊಸ ಹಗ್ಗ ತರ್ಬಹುದು. ಇದು ತಾನೇ ಸರಿಯಾಗ್ಬೇಕು. ಅದಕ್ಕೆ ಪುರ್ಸೊತ್ತು ಕೊಡ್ಬೇಕು." ಜಯಶ್ರೀಯ ಕಡೆ ತಿರುಗಿದಳು. "ನೀವು ಎಂತ ಮಾಡಿದ್ರಿ? ಕಡ್ಮೆ ಆದ ಕೂಡ್ಲೆ ಮತ್ತೆ ಕೆಲ್ಸ. ಬಲಗೈದು ಎಡಗೈಗೆ ಹೊರ್ಸಿದ್ರಿ. ನೋವು ಶುರುವಾದ ದಿನವೇ ಬಂದಿದ್ರೆ ಎರಡು ವಾರದಲ್ಲಿ ಮುಗೀತಿತ್ತೇನೋ. ಈಗ ಆರು ವಾರ ಆಗ್ಬಹುದು. ಅಷ್ಟಕ್ಕೂ ಕಡ್ಮೆ ಆಗದಿದ್ರೆ ಡಾಕ್ಟರ್ ಹತ್ರ ಇಂಜೆಕ್ಷನ್ ಬಗ್ಗೆ ಕೇಳುವಾ."

ಎರಡು ಹೆಬ್ಬೆರಳಿಗೂ ಪಟ್ಟಿ ಬಿತ್ತು. ತಿಕ್ಕುವುದು ಬೇಡ, ತಿರುಚುವುದು ಬೇಡ, ಹೆಣೆಯುವುದು ಬೇಡವೇ ಬೇಡ. ಮೇಡಂ ಗಂಗಕ್ಕನ ಹೆಗಲನ್ನೂ ನೋಡಿ, ಗೋಡೆಯ ಮೇಲೆ ಬೆರಳುಗಳನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ನಡೆಸಲು ಹೇಳಿಕೊಟ್ಟಳು.

ಹೊರಗೆ ಬಂದ ಮೇಲೆ ಜಯಶ್ರೀ ಮೊದಲ ಸಲ ಅತ್ತಳು. ಅರ್ಧ ಗದ್ದೆ ಕಿತ್ತಾಗಿದೆ. ಎಲೆ ಬಾಡುತ್ತಿದೆ. ಹೆಣೆಯಲು ಇರುವುದು ನಾಲ್ಕೇ ದಿನ.

"ನಾ ಹೆಣೀತೆ," ಎಂದೆ.

"ನಿಂಗೆ ಬರೂದಿಲ್ಲ."

"ನೀ ಹೇಳು. ಮುಟ್ಬೇಡ, ಬಾಯಲ್ಲಿ ಹೇಳು."

ಕಣ್ಣೊರೆಸಿಕೊಳ್ಳಲು ಪಟ್ಟಿ ಕಟ್ಟಿದ ಕೈ ಎತ್ತಿ, ಆಗದೆ ಕೆಳಗಿಳಿಸಿದಳು. ನಾನು ನನ್ನ ಕರವಸ್ತ್ರ ಕೊಡಲೋ, ಒರೆಸಲೋ ಎಂದು ತಿಳಿಯದೆ ನಿಂತೆ. ಗಂಗಕ್ಕ ತನ್ನ ಸೆರಗಿನಿಂದ ಒರೆಸಿದಳು.

ನನ್ನ ಮೊದಲ ಜಡೆಯನ್ನು ಗಳಕ್ಕೆ ಹಾಕಿದ ಕೂಡಲೇ ಅದು ಬಿಚ್ಚಿ, ಹನ್ನೊಂದು ಈರುಳ್ಳಿ ಹೆದ್ದಾರಿಯ ಮೇಲೆ ಉರುಳಿದವು. ಗೋವಾಕ್ಕೆ ಹೋಗುವ ಬಸ್ಸಿನವನು ಬ್ರೇಕ್ ಹಾಕಿ ನನಗೆ ಕೊಂಕಣಿಯಲ್ಲಿ ಬೈದ. ಈ ಸುದ್ದಿ ನನಗಿಂತ ಮೊದಲು ಮಾಡಿನ ಕೆಳಗೆ ತಲುಪಿತ್ತು.

"ಹನ್ನೊಂದಾ?" ಜಯಶ್ರೀ ಕೇಳಿದಳು. ಅವಳ ಸಿಟ್ಟು ಅಂದಿಗೆ ಮುಗಿಯಿತು.

ಅವಳಿಗೆ ಹೇಳಿಕೊಡುವುದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದೆಲ್ಲ ಅವಳ ಕೈಗೆ ಗೊತ್ತಿತ್ತು. ಈಗ ಅದನ್ನು ಮಾತಿಗೆ ತರಬೇಕು. "ಆ ಎಲೆ ಅಲ್ಲ, ಅದರ ಅಡಿದು. ಈಗ ಒಳಗೆ. ಅಷ್ಟು ಎಳೀಬೇಡ, ಅದಕ್ಕೆ ನೋವಾಗ್ತದೆ." ನನಗೂ ಕೇಳುವುದು ಗೊತ್ತಿರಲಿಲ್ಲ. ತಿಳಿಯದಿದ್ದಾಗ ಸುಮ್ಮನಿರುವುದು ನನ್ನ ಅಭ್ಯಾಸ. ಸುಮ್ಮನಿದ್ದರೆ ಜಡೆ ಬಿಚ್ಚುತ್ತಿತ್ತು. ಹಾಗಾಗಿ ಕೇಳಿದೆ. ದಿನಾ ಕೇಳಿದೆ. ಇಷ್ಟು ಸಾಕಾ? ಹೀಗಾ? ಇನ್ನೊಮ್ಮೆ ಹೇಳು. ಪ್ರತಿ ಇಪ್ಪತ್ತು ಜಡೆಗೊಮ್ಮೆ ಅವಳು, "ಏಳು, ಕೈ ಕೊಡವು. ನಿಂದೂ ಹೋದ್ರೆ ಮೇಡಂ ಮುಂದೆ ನಾ ನಿಲ್ಲೂದಿಲ್ಲ," ಎಂದು ಎಬ್ಬಿಸುತ್ತಿದ್ದಳು.

ಕೆಲವು ರಾಶಿ ಕೊಳೆಯಿತು. ಹೆಚ್ಚಿನದು ಉಳಿಯಿತು. ನನ್ನ ಜಡೆಗಳು ಕುರೂಪವಾಗಿದ್ದವು. ಗಿರಾಕಿಗಳು ತಿನ್ನುವುದು ಈರುಳ್ಳಿಯನ್ನು, ಜಡೆಯನ್ನಲ್ಲ ಎಂದು ಗಂಗಕ್ಕ ಸಮಾಧಾನ ಹೇಳಿದಳು.

ಜೂನ್ ಮೂರನೆಯ ವಾರ ಪಟ್ಟಿ ಬಿಚ್ಚಿದರು. ಮಳೆ ಶುರುವಾಗಿತ್ತು, ಅಂದು ಮಧ್ಯಾಹ್ನ ಬಿಟ್ಟಿತ್ತು. ಜಗಲಿಯಲ್ಲಿ ಕೂತು, ಮಳೆ ಹಿಡಿಯುವ ಮುಂಚೆ ಕೊನೆಗೆ ಕಿತ್ತ ಈರುಳ್ಳಿಯಲ್ಲಿ ಮಳೆಗಾಲಕ್ಕೆ ಒಲೆಯ ಮೇಲೆ ತೂಗುಹಾಕುವ ಕೊನೆಯ ಜಡೆಯನ್ನು ಹೆಣೆಯುತ್ತಿದ್ದೆ. ಜಯಶ್ರೀ ಪಕ್ಕದಲ್ಲಿ ಮೆತ್ತನೆಯ ಚೆಂಡು ಹಿಸುಕುತ್ತಿದ್ದಳು. ಮೆಲ್ಲಗೆ ಒತ್ತಿ ಹಿಡಿಯುವುದು, ಹತ್ತು ಎಣಿಸುವುದು, ಬಿಡುವುದು. ಮೇಡಂ ಹೇಳಿದ ಹೊಸ ವ್ಯಾಯಾಮ.

"ಕೊಡು ಇಲ್ಲಿ," ಎಂದು ಜಡೆಯ ತುದಿ ತೆಗೆದುಕೊಂಡಳು. ಉಳಿದ ಎಲೆಯನ್ನು ಬಲಗೈಯಿಂದ ಒಳಗೆ ಸಿಕ್ಕಿಸಿದಳು. ಕುಣಿಕೆ ಬಲಕ್ಕೆ ತಿರುಗಿತು.

ನಾನು ಆ ಕುಣಿಕೆಗೆ ಬೆರಳು ಹಾಕಿ, ತೆಗೆಯದೆ ಕೂತೆ.

"ಎಂತ ಆತು?"

"ಎಂತ ಇಲ್ಲ."

"ಹಾಗೆ ಅಂದವ್ರ ಕಥೆ ಎಂತ ಆತು ಅಂತ ನೋಡಿದ್ಯಲ್ಲ." ನೆಟ್ಟಗೆ ಕೂತು ಪ್ರಣಿತಾ ಮೇಡಂನ ಹಾಗೆ ಮುಖ ಮಾಡಿದಳು. "ಎಲ್ಲಿ ನೋವು?"

ನಗು ಬಂತು. ಆದರೆ ಅವಳು ನಗುತ್ತಿರಲಿಲ್ಲ. ಅವಳ ಕಣ್ಣು ನನ್ನ ಮೇಲಿತ್ತು, ಕಾಯುತ್ತಿತ್ತು.

"ಹೇಳು ನಿತ್ಯಾ. ಯಾವಾಗಿಂದ?"

"ಮೂರು ವರ್ಷ."

"ಅಷ್ಟು ದಿನ ಮುಚ್ಚಿಟ್ಯಾ?" ಅವಳ ದನಿ ಸಣ್ಣದಾಯಿತು. "ಎಂತ ಮಾಡಿದ್ರೆ ಜಾಸ್ತಿ ಆಗ್ತದೆ?"

"ನೀ ಕಾಣದೆ ಇದ್ರೆ. ಜಡೆ ಎಡಕ್ಕೆ ತಿರುಗಿದ್ರೆ. ನೀ ಬೇರೆ ಕಡೆ ಹೋದೆ ಅಂತ ಆ ಒಂದು ವಾರ..." ಮಾತು ನಿಂತಿತು. ಇನ್ನು ನಿಲ್ಲಿಸಬಾರದು ಎಂದುಕೊಂಡೆ. "ನಂಗೆ ನೀ ಬೇಕು ಜಯಶ್ರೀ. ಹೊನ್ನಾವರದವ್ರು ಮತ್ತೆ ಬರೂದ್ರೊಳಗೆ ಗಂಗಕ್ಕನ ಹತ್ರ ಕೇಳ್ತೆ. ನೀ ಹೂಂ ಅಂದ್ರೆ."

"ಹೊನ್ನಾವರದವ್ರಿಗೆ ಸಂಕ್ರಾಂತಿಗೇ ಬೇಡ ಅಂದಾಗಿದೆ."

"ಯಾಕೆ?"

"ನಂಗೆ ಸರಿ ಬರ್ಲಿಲ್ಲ," ಎಂದಳು, ನಾನು ಅಂದು ಹೇಳಿದ ಹಾಗೆಯೇ.

ಮಾಡಿನ ಅಂಚಿನಿಂದ ಹನಿ ಬೀಳುತ್ತಿತ್ತು. ಒಳಗೆ ಗಂಗಕ್ಕ ಗೋಡೆಯ ಮೇಲೆ ಬೆರಳು ನಡೆಸುತ್ತ ತನ್ನಷ್ಟಕ್ಕೆ ಹಾಡು ಗುನುಗುತ್ತಿದ್ದಳು. ನಿನ್ನೆ ಬೆಳಿಗ್ಗೆ ಕಿವಿಯವರೆಗೆ ತಾನೇ ಬಾಚಿಕೊಂಡಳಂತೆ.

"ಕೊನೇ ಪ್ರಶ್ನೆ," ಎಂದಳು ಜಯಶ್ರೀ. "ಎಂತ ಮಾಡಿದ್ರೆ ಕಡ್ಮೆ ಆಗ್ತದೆ?"

"ಗೊತ್ತಿಲ್ಲ. ಮಾಡಿ ನೋಡ್ಲಿಲ್ಲ."

ಅವಳು ಚೆಂಡನ್ನು ಪಕ್ಕಕ್ಕಿಟ್ಟಳು. ಬಲಗೈಯನ್ನು ನನ್ನ ಅಂಗೈಯಲ್ಲಿ ಇಟ್ಟಳು. ಆರು ವಾರ ಪಟ್ಟಿಯೊಳಗಿದ್ದ ಚರ್ಮ ಬಿಳಿಚಿಕೊಂಡು ಮಗುವಿನ ಕೈಯ ಹಾಗೆ ಮೆತ್ತಗಿತ್ತು.

"ನೀ ಒತ್ತಬೇಡ. ನಾ ಒತ್ತಬೇಕು. ಮೇಡಂ ಹೇಳಿದ್ದು."

ಒತ್ತಿದಳು. ಮೆಲ್ಲಗೆ, ಬಾಯಲ್ಲಿ ಎಣಿಸುತ್ತ. ಒಂದು. ಎರಡು. ಏಳರ ಹೊತ್ತಿಗೆ ಎಣಿಕೆ ನಿಧಾನವಾಯಿತು. ಹತ್ತು ಎಂದಳು.

ಬಿಡಲಿಲ್ಲ.