ಮುಟ್ಟದೆ ಬಿಟ್ಟ ರೊಟ್ಟಿ

"ಹೊಸಿಲು ದಾಟೀಯ, ಜೋಕೆ!"

ಅಂಗಳದ ತುಂಬ ಮಣ್ಣಿನ ತಟ್ಟೆಗಳ ಮೇಲೆ ಹಿಟ್ಟಿನ ಉಂಡೆಗಳು ಬಿಸಿಲಿಗೆ ಉಬ್ಬುತ್ತಿದ್ದವು. ನಡುವೆ ಕೂತು ಮುಳ್ಳಿನಿಂದ ಅವುಗಳ ಅಂಚು ಸೀಳುತ್ತಿದ್ದ ಶೌಕಿಯಾ, ಬಾಗಿಲಲ್ಲಿ ನಿಂತ ಖಲಫ್‌ನನ್ನು ಸುಟ್ಟುಬಿಡುವಂತೆ ನೋಡಿದಳು.

ನಿನ್ನೆ ಹಿರಿಯರ ಜೊತೆ ಬಂದಿದ್ದನಲ್ಲ, ಕುವೈತಿನಿಂದ ಮರಳಿದ ಈ ದೊಡ್ಡ ಮನುಷ್ಯ! ಅವಳು ಸುಟ್ಟ ರೊಟ್ಟಿಯನ್ನು ಉಪ್ಪಿನೊಂದಿಗೆ ಎದುರಿಗಿಟ್ಟರೆ ಮೆಲ್ಲಗೆ ಆಚೆ ಸರಿಸಿದ್ದ. ಒಂದು ಚೂರೂ ಮುರಿದಿರಲಿಲ್ಲ.

ಕಾಲುವೆ ದಂಡೆಯಲ್ಲಿ ಇವನ ದಾರಿ ಕಾದಿದ್ದು ಇದಕ್ಕಾ...

"ಶೌಕಿಯಾ, ನನ್ನ ಮಾತು ಕೇಳು..."

"ನಿನ್ನ ಮಾತು ಕಟ್ಕೊಂಡು ನನಗೇನು? ನಮ್ಮನೆ ರೊಟ್ಟಿ, ನಮ್ಮ ಐಶ್, ನಿನ್ನ ಗಂಟಲಲ್ಲಿ ಇಳಿಯಲ್ವಾ? ಹೋಗು, ನಿನ್ನ ಕುವೈತಿನ ಖುಬ್ಜ್ ತಿನ್ನು!"

"ಅಲ್ಲಿ ಮೊದಲ ದಿನ 'ಐಶ್ ಕೊಡ್ರಪ್ಪಾ' ಅಂದೆ. ಅನ್ನ ತಂದಿಟ್ರು! ಅವರಿಗೆ ಅನ್ನವೇ ಐಶ್. ರೊಟ್ಟಿ ಬರೀ ಖುಬ್ಜ್, ಬಡಿದು ತಟ್ಟಿದ್ದು ಅಷ್ಟೇ. ನಮ್ಮೂರಲ್ಲಿ ರೊಟ್ಟಿಯನ್ನೇ ಐಶ್, ಅಂದ್ರೆ ಬದುಕು, ಅಂತೀವಿ ಅಂದ್ರೆ ನಗೋರು."

ನಗು ಬಂತು. ಶೌಕಿಯಾ ಅದನ್ನು ನುಂಗಿದಳು.

"ಮತ್ತೆ ಆ ಬದುಕನ್ನ ಯಾಕೆ ತಳ್ಳಿದೆ?"

"ಹೆಣ್ಣು ಕೇಳೋಕೆ ಬಂದವನು ಒಪ್ಪಿಗೆ ಸಿಗೋ ಮುಂಚೆ ಆ ಮನೆ ರೊಟ್ಟಿ ಮುರೀತಾನೇನೇ?"

ಮುಳ್ಳು ಹಿಟ್ಟಿನಲ್ಲೇ ನಿಂತಿತು.

"ಹೆಣ್ಣು ಕೇಳೋಕಾ?! ಕಾಲುವೆ ನೀರಿನ ಸರದಿ ಮಾತಾಡೋಕೆ ಬಂದಿದ್ರು ಅಂದ ಅಪ್ಪ!"

"ನಿನ್ನನ್ನ ಮದುವೆಯಾಗೋ ಮೊದಲ ಹಕ್ಕು ನಿನ್ನ ದೊಡ್ಡಪ್ಪನ ಮಗನದು, ಅವನನ್ನ ಕೇಳದೆ ಮಾತು ಕೊಡಲ್ಲ ಅಂದ್ರು ನಿಮ್ಮಪ್ಪ. ಅದಕ್ಕೇ ನಿನಗೂ ಹೇಳಿಲ್ಲವೇನೋ. ಈಗ ಅವನ ಹೊಲದಿಂದಲೇ ಬಂದೆ. ತನ್ನ ಅಡ್ಡಿ ಇಲ್ಲ ಅಂದ. ನಿಮ್ಮಪ್ಪನೂ ಅಲ್ಲೇ ಇದ್ರು, ಹೂಂ ಅಂದ್ರು. ಇನ್ನು ಅವಳನ್ನ ಕೇಳು ಅಂದ್ರು."

ಶೌಕಿಯಾ ಎದ್ದು ನಿಂತಳು. ಮೊಣಕೈವರೆಗೂ ಹಿಟ್ಟು, ಕಣ್ಣಲ್ಲಿ ಕೆಂಡ.

"ಊರ ಗಂಡಸರನ್ನೆಲ್ಲ ಕೇಳಿ ಆಯ್ತು! ಕೊನೆಗೆ ನನ್ನ ಸರದಿಯಾ? ಬೇಡ ಅಂದ್ರೆ?"

ಖಲಫ್ ತಲೆ ತಗ್ಗಿಸಿದ. "ಹಸಿದುಕೊಂಡೇ ಹೋಗ್ತೀನಿ."

ಅವಳು ದಡದಡನೆ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳೇನೋ ಎಂದು ಅವನು ಹೊಸಿಲಾಚೆಯಿಂದಲೇ ಇಣುಕಿದ...

ಬಂದಳು. ಕೈಯಲ್ಲಿ ನಿನ್ನೆಯ ಅದೇ ರೊಟ್ಟಿ, ಮುಟ್ಟದೆ ಬಿಟ್ಟದ್ದು. ಎರಡು ಕೈಯಲ್ಲಿ ಹಿಡಿದು ಲಟಕ್ಕನೆ ಮುರಿದಳು. ಉಪ್ಪಿಗೆ ಅದ್ದಿ ಒಂದು ಚೂರು ತನ್ನ ಬಾಯಿಗಿಟ್ಟಳು. ಉಳಿದದ್ದನ್ನು ಹೊಸಿಲಾಚೆ ಚಾಚಿದಳು.

"ತಿನ್ನು. ಪೂರ್ತಿ!"

ಅವನು ಕಣ್ಣು ಮುಚ್ಚಿ ಕಚ್ಚಿದ. "ಕಲ್ಲಾಗಿದೆ ಮಾರಾಯ್ತಿ..."

"ನಾನೂ ಹಾಗೇ. ಅಗಿಯೋಕಾಗುತ್ತಾ?"

"ಅವಸರ ಏನಿದೆ," ಎಂದ ಖಲಫ್, "ಬದುಕೆಲ್ಲ ಇದೆಯಲ್ಲ."