ಕಹಳೆಯೊಳಗೆ ಒಂದು ಹಲೋ

ವಿಜ್ಞಾನದ ಚರಿತ್ರೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿಡಬೇಕಾದ ಘಟನೆಯೊಂದು ಆ ಬೆಳಿಗ್ಗೆ ನಡೆಯಿತು: ಕಡ್ಡಿಗುಡ್ಡ ಎರಡೂ ಕೈಗೆ ಗ್ಲೌಸ್ ಹಾಕಿಕೊಂಡಳು.

ಗ್ಲೌಸ್ ದೊಡ್ಡವರ ಅಳತೆಯದು. ಬೆರಳ ತುದಿಗಳು ಬಾಡಿದ ಬೆಂಡೆಕಾಯಿಯ ಹಾಗೆ ಜೋತಾಡುತ್ತಿದ್ದವು. ಅವಳಿಗೆ ಮಾತ್ರ ತಾನು ಅರ್ಧ ವಿಜ್ಞಾನಿ ಆಗಿಬಿಟ್ಟೆ ಅನ್ನಿಸಿತು.

“ಬಾಯಿ ಮುಚ್ಕೊಂಡಿದ್ರೆ ಇನ್ನರ್ಧಾನೂ ಆಗ್ತೀಯ,” ಅಂದರು ದೊಡ್ಡಮ್ಮ. ಅವರು ಈ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವವರು.

ಕಡ್ಡಿಗುಡ್ಡ ಅನ್ನೋದು ಅವಳ ಹೆಸರಲ್ಲ. ಕಡ್ಡಿಯಷ್ಟು ವಿಷಯ ಸಿಕ್ಕರೆ ಗುಡ್ಡ ಮಾಡಿ ಹೇಳುತ್ತಾಳೆಂದು ಮನೆಯವರು ಇಟ್ಟದ್ದು. ಹಲ್ಲಿ ಕಂಡರೆ ಮೊಸಳೆ. ಮೊಣಕಾಲು ತರಚಿದರೆ ಆಪರೇಷನ್. ಇದು ಸುಳ್ಳಲ್ಲ, ಕೇಳುವವರಿಗೆ ಬೇಜಾರಾಗಬಾರದು ಅಂತ ಮಾಡುವ ಉಪಕಾರ ಎಂಬುದು ಅವಳ ವಾದ.

ಹಿಂದಿನ ದಿನವೂ ಅಂಥದೇ ಒಂದು ಉಪಕಾರ ನಡೆದಿತ್ತು. ಶಾಲೆಯ ನಲ್ಲಿಯಲ್ಲಿ ಒಂದು ಗುಟುಕು ಕುಡಿದು, ಬೆಂಚಿನ ಗೆಳತಿಗೆ ಅವಳು ಎರಡು ಮಾತು ಹೇಳಿದ್ದಳು. ನೀರಿಗೆ ಕಬ್ಬಿಣದ ರುಚಿ ಇದೆ. ವಿಷ ಇದ್ದರೂ ಇರಬಹುದು.

ಮೊದಲನೆಯ ಮಾತು ನಿಜ. ಎರಡನೆಯದು ಅಲಂಕಾರ. ಅಲಂಕಾರವೇ ಶಾಲೆಯೆಲ್ಲ ಸುತ್ತಿತು. ಗೆಳತಿಯ ಬಾಯಲ್ಲಿ ಅದಕ್ಕೆ ಔಷಧಿ ವಾಸನೆ ಬಂತು. ಊಟದ ಬೆಲ್ ಹೊತ್ತಿಗೆ ಅದು ಇಲಿ ಪಾಷಾಣವಾಯಿತು. ಮನೆಗೆ ಬಿಡುವಷ್ಟರಲ್ಲಿ, ನೀರಿನ ಟ್ಯಾಂಕ್ ನೋಡಿಕೊಳ್ಳುವ ತಾತನೇ ಅದನ್ನು ಹಾಕಿದ್ದು, ಜೇಬಿನಲ್ಲಿ ಪೊಟ್ಟಣ ಕಂಡಿದ್ದೇವೆ ಎನ್ನುವವರೂ ಹುಟ್ಟಿಕೊಂಡರು. ತಾತನ ಜೇಬಿನಲ್ಲಿದ್ದದ್ದು ಕನ್ನಡಕದ ಡಬ್ಬಿ.

ಹೆಡ್‌ಮಿಸ್ ಶಾಲೆಗೆ ರಜೆ ಕೊಟ್ಟರು. ರಿಸಲ್ಟ್ ಬರುವವರೆಗೆ ಬರಬೇಡಿ ಎಂದು ತಾತನನ್ನು ಮನೆಗೆ ಕಳಿಸಿದರು. ಒಂದು ಬಾಟಲಿ ನೀರನ್ನು ದೊಡ್ಡಮ್ಮನ ಲ್ಯಾಬಿಗೆ ಕೊಟ್ಟರು.

ಕಡ್ಡಿಗುಡ್ಡಳಿಗೆ ಈಗ ಇದ್ದದ್ದು ಒಂದೇ ಆಸೆ: ನೀರಿನಲ್ಲಿ ಏನಾದರೂ ಸಿಗಲಿ. ಚಿಟಿಕೆಯಷ್ಟಾದರೂ ವಿಷ ಸಿಗಲಿ. ಇಲ್ಲದಿದ್ದರೆ ಹತ್ತನೇ ಕ್ಲಾಸಿಗೆ ಹೋದರೂ ಈ ಹೆಸರು ಬಿಡುವುದಿಲ್ಲ. ತಾತನ ನೆನಪು ಬಂದಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು. ಆದರೆ ಬೇರೆ ಕಡೆ ನೋಡಿದರೆ ಅಲ್ಲಿ ಅವಳ ಬ್ಯಾಗಿತ್ತು. ಅದರ ಕಿತ್ತುಹೋದ ಪಟ್ಟಿಯನ್ನು ತಂತಿ ಸುತ್ತಿ ಕಟ್ಟಿಕೊಟ್ಟಿದ್ದವರು ಅದೇ ತಾತ.

ದೊಡ್ಡಮ್ಮ ಡಬ್ಬಿಯೊಂದನ್ನು ತೆರೆದು ಬೆರಳುದ್ದದ ಪುಟ್ಟ ಕಹಳೆಯಂಥ ವಸ್ತು ತೋರಿಸಿದರು. ಒಂದು ಕಡೆ ಅಗಲ ಬಾಯಿ, ಇನ್ನೊಂದು ಕಡೆ ಬಾಗಿದ ಸಣ್ಣ ಬಾಲ. ನೀರು ಪರೀಕ್ಷಿಸುವ ಮೆಷಿನ್ನಿನೊಳಗಿದ್ದ ಹಳೆಯ ಕಹಳೆ ಸವೆದಿತ್ತು, ಇವತ್ತು ಇದನ್ನು ಕೂರಿಸಬೇಕು.

ನೀರಿನಲ್ಲಿರುವ ಲೋಹದ ಕಣ ಒಂದೇ ಒಂದು ಬಂದು ಇದರ ಬಾಯಿಗೆ ಬಡಿದರೆ ಒಂದೋ ಎರಡೋ ಎಲೆಕ್ಟ್ರಾನ್ ಏಳುತ್ತವೆ, ಅಷ್ಟು ಸಣ್ಣದನ್ನು ಯಾವ ಮೆಷಿನ್ನಿಗೂ ಅಳೆಯಲಾಗುವುದಿಲ್ಲ ಎಂದು ದೊಡ್ಡಮ್ಮ ವಿವರಿಸಿದರು. ಅವು ಒಳಗೋಡೆಗೆ ಗುದ್ದಿ ಇನ್ನೆರಡನ್ನು ಎಬ್ಬಿಸುತ್ತವೆ. ಅವು ಮುಂದೆ ಹೋಗಿ ಮತ್ತಷ್ಟನ್ನು ಎಬ್ಬಿಸುತ್ತವೆ. ಬಾಲ ಮುಟ್ಟುವಷ್ಟರಲ್ಲಿ ಲಕ್ಷಗಟ್ಟಲೆ.

“ನನ್ನ ಹಾಗೇ,” ಅಂದಳು ಕಡ್ಡಿಗುಡ್ಡ, ಸ್ವಲ್ಪ ಹೆಮ್ಮೆಯಿಂದಲೇ.

“ಹೂಂ. ಆದ್ರೆ ಇದಕ್ಕೆ ದುಡ್ಡು ಕೊಡ್ಬೇಕು, ನೀನು ಫ್ರೀ.”

ಅಷ್ಟರಲ್ಲಿ ಪಕ್ಕದ ರೂಮಿನಲ್ಲಿ ಫೋನ್ ಹೊಡೆದುಕೊಂಡಿತು. ಇದರ ಬಾಯಿ ಮುಟ್ಟಬೇಡ, ಬೆರಳಿನ ಜಿಡ್ಡು ತಾಗಿದರೂ ಕೆಡುತ್ತೆ ಎಂದು ಹೇಳಿ ದೊಡ್ಡಮ್ಮ ಎದ್ದು ಹೋದರು.

ಕಡ್ಡಿಗುಡ್ಡ ಮಾತು ಮೀರುವವಳಲ್ಲ. ಬಾಯಿ ಮುಟ್ಟಲೇ ಇಲ್ಲ. ಬಾಲವನ್ನಷ್ಟೇ ಗ್ಲೌಸಿನಲ್ಲಿ ಹಿಡಿದು ಎತ್ತಿದಳು. ಸಣ್ಣದನ್ನು ದೊಡ್ಡದು ಮಾಡುವ ಕಹಳೆ ಕೈಯಲ್ಲಿದ್ದಾಗ ಬುದ್ಧಿ ಇರುವ ಯಾರಾದರೂ ಮಾಡುವುದನ್ನೇ ಅವಳೂ ಮಾಡಿದಳು. ತುಟಿ ಹತ್ತಿರ ತಂದು, “ಹಲೋ,” ಎಂದಳು.

ಏನೂ ಆಗಲಿಲ್ಲ. ಕರೆಂಟ್ ಇಲ್ಲವಲ್ಲ ಎಂದು ತನಗೆ ತಾನೇ ವಿಜ್ಞಾನ ವಿವರಿಸಿಕೊಂಡು ಅದನ್ನು ಇದ್ದಲ್ಲೇ ಇಟ್ಟಳು.

ದೊಡ್ಡಮ್ಮ ಬಂದು ಕಹಳೆಯನ್ನು ಮೆಷಿನ್ನಿನಲ್ಲಿ ಕೂರಿಸಿ ಮುಚ್ಚಳ ಬಿಗಿದರು. ಒಳಗಿನ ಗಾಳಿಯನ್ನೆಲ್ಲ ಪಂಪು ಗುರುಗುಡುತ್ತ ಹೊರಗೆ ಎಳೆಯಿತು. ಊಟವಾದ ಮೇಲೆ ಸ್ವಿಚ್ ಹಾಕಿದರು. ಪರದೆಯ ಮೇಲೆ ಹಸಿರು ಗೆರೆಯೊಂದು ಸರ್ರನೆ ಏರಿ ಗುಡ್ಡವಾಗಿ ನಿಂತಿತು.

“ನೋಡಿದ್ಯಾ ದೊಡ್ಡಮ್ಮ, ವಿಷ. ನಾನು ಹೇಳ್ಲಿಲ್ವಾ?”

ದೊಡ್ಡಮ್ಮ ಮೇಜಿನ ಕಡೆ ಕೈ ತೋರಿಸಿದರು. ಶಾಲೆಯ ಬಾಟಲಿ ಅಲ್ಲೇ ಇತ್ತು. ಮುಚ್ಚಳವನ್ನೂ ತೆರೆದಿರಲಿಲ್ಲ.

“ನೀರು ಇನ್ನೂ ಹಾಕೇ ಇಲ್ಲ ಕಣೇ. ಇದು ಏನೂ ಇಲ್ಲದ ಗುಡ್ಡ.”

ಎಲ್ಲೋ ಗಾಳಿ ಸೋರುತ್ತಿರಬೇಕು ಎಂದು ಅವರು ಗೊಣಗಿಕೊಂಡರು. ಪಂಪನ್ನೇ ಪೂರ್ತಿ ಬಿಚ್ಚಬೇಕಾದೀತು. ಒಂದು ವಾರವಂತೂ ಹಿಡಿಯುತ್ತೆ, ಶಾಲೆಗೆ ಹೇಳಿಬಿಡುತ್ತೇನೆ ಎಂದು ಫೋನ್ ಕೈಗೆತ್ತಿಕೊಂಡರು.

ಕಡ್ಡಿಗುಡ್ಡ ಆ ಗುಡ್ಡವನ್ನೇ ನೋಡಿದಳು. ಒಂದು ವಾರ ರಜೆ. ಒಂದು ವಾರ ಯಾರೂ ಅವಳನ್ನು ಸುಳ್ಳಿ ಅನ್ನುವ ಹಾಗಿಲ್ಲ. ಒಂದು ವಾರ ತಾತ ಮನೆಯಲ್ಲಿ ಕೂತಿರಬೇಕು. ಅವಳು ಬೇರೆ ಕಡೆ ನೋಡಿದಳು. ಅಲ್ಲಿ ಬ್ಯಾಗಿತ್ತು.

“ದೊಡ್ಡಮ್ಮ, ಗಾಳಿ ಸೋರಿಲ್ಲ,” ಅಂದಳು. ಅವಳ ದನಿ ಇಷ್ಟು ಸಣ್ಣಗೆ ಬಂದದ್ದು ಅದೇ ಮೊದಲು. “ನಾನು ಅದರ ಜೊತೆ ಮಾತಾಡ್ದೆ.”

ದೊಡ್ಡಮ್ಮ ಫೋನ್ ಕೆಳಗಿಟ್ಟರು. “ಏನಂತ?”

“ಹಲೋ ಅಂತ.”

“ಬರೀ ಹಲೋನಾ?”

“ಕೇಳಿಸ್ತಿದ್ಯಾ ಅಂತಾನೂ. ಸ್ವಲ್ಪ ಎಂಜಲು ಹಾರಿರಬಹುದು.”

ದೊಡ್ಡಮ್ಮ ಪರದೆಯನ್ನು ನೋಡಿದರು. ಅವಳನ್ನು ನೋಡಿದರು. “ಕೇಳಿಸಿದೆ,” ಅಂದರು. “ಚೆನ್ನಾಗೇ ಕೇಳಿಸಿದೆ.”

ಬೈಗುಳ ಆಮೇಲೆ ಬಂತು, ಕಡಿಮೆಯೇನೂ ಇರಲಿಲ್ಲ. ಆದರೆ ಬೈಯುತ್ತಲೇ ದೊಡ್ಡಮ್ಮ ಕಹಳೆಯನ್ನು ಹೊರತೆಗೆದು, ಸ್ಪಿರಿಟ್‌ನಲ್ಲಿ ಜಾಲಿಸಿ, ಒಣಗಲು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. ಮಾರನೆಯ ದಿನ ಸ್ವಿಚ್ ಹಾಕಿದಾಗ ಹಸಿರು ಗೆರೆ ನೆಲಕ್ಕಂಟಿ ಮಲಗಿತ್ತು. ಆಮೇಲೆ ಶಾಲೆಯ ನೀರು ಹಾಕಿದರು.

ಶಾಲೆ ತೆರೆದ ದಿನ ಗೇಟಿನಲ್ಲೇ ಬೆಂಚಿನ ಗೆಳತಿ ಕಾಯುತ್ತಿದ್ದಳು. “ಏನಂತೆ? ಎಷ್ಟು ವಿಷ ಇತ್ತಂತೆ?”

ಕಡ್ಡಿಗುಡ್ಡಳ ನಾಲಿಗೆಯ ತುದಿಯಲ್ಲಿ ಒಂದು ಸುಂದರವಾದ ಅಲಂಕಾರ ಬಂದು ಕೂತಿತು. ಮೆಷಿನ್ ಇತ್ತು, ಹಸಿರು ಗುಡ್ಡ ಇತ್ತು, ಸ್ಫೋಟವನ್ನೂ ಸೇರಿಸಬಹುದಿತ್ತು. ಅವಳು ಎಂಜಲು ನುಂಗಿಕೊಂಡಳು.

“ವಿಷ ಇಲ್ಲ. ಸ್ವಲ್ಪ ಕಬ್ಬಿಣ. ಪೈಪಿನ ತುಕ್ಕು.”

“ಅಷ್ಟೇನಾ?”

“ಅಷ್ಟೇ.”

ಟ್ಯಾಂಕಿನ ಏಣಿಯ ಕೆಳಗೆ ತಾತ ತುಕ್ಕು ಹಿಡಿದ ಪೈಪು ಬಿಚ್ಚುತ್ತಿದ್ದರು. ಅವಳು ಹೋಗಿ ನಿಂತು, ವಿಷ ಅಂತ ಮೊದಲು ಅಂದವಳು ತಾನೇ ಎಂದು ಹೇಳಿದಳು. ಯಾವುದನ್ನೂ ಸೇರಿಸಲಿಲ್ಲ, ಬಿಡಲೂ ಇಲ್ಲ.

ತಾತ ತುಕ್ಕು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ, “ಆ ಸ್ಪ್ಯಾನರ್ ಹಿಡ್ಕೋ,” ಅಂದರು.

ಸಂಜೆಯ ಹೊತ್ತಿಗೆ ಹೊಸ ಪೈಪು ಕೂತಿತು. ಈಗ ನೀರಿಗೆ ಯಾವ ರುಚಿಯೂ ಇಲ್ಲ.